ಸೀಲು ಬಿದ್ದ ಚೀಟಿ

ಮದ್ದೂರು
೧೧ ಜೂನ್ ೨೦೨೪

ಪ್ರೀತಿಯ ನುಜ್ಹತ್,

ನಿಮ್ಮ ಶಾಕಿರಣ್ಣ ನಿಮ್ಮ ಲೈಬ್ರರಿಯ ಪುಸ್ತಕದ ಗಂಟು ಇಳಿಸಿ ಲೇತ್ ಅಂಗಡಿಗೆ ಹೋಗಿದ್ದಾರೆ. ಅವರು ಗ್ಯಾರೇಜಿನ ಸಾಮಾನು ಕಡೆಸಿಕೊಂಡು ಮಳವಳ್ಳಿಗೆ ಹೊರಡುವುದರೊಳಗೆ ಇದನ್ನು ಮುಗಿಸಿ ಗಂಟಿನಲ್ಲಿ ಇಡಬೇಕು. ಫೋನಿನಲ್ಲಿ ನಾನು ‘ಹೂಂ’ ಬಿಟ್ಟರೆ ಬೇರೆ ಏನೂ ಹೇಳುವುದಿಲ್ಲ ಎಂದು ನೀನು ಬೈದದ್ದು ಒಳ್ಳೆಯದೇ ಆಯಿತು. ಎಂ.ಎ. ತರಗತಿಯಲ್ಲಿ ಒಂದೇ ಬೆಂಚಿನಲ್ಲಿ ಕೂತವರು ಈಗ ಎರಡು ಊರಿನ ಲೈಬ್ರರಿಯಲ್ಲಿ ಕೂತಿದ್ದೇವೆ. ಪುಸ್ತಕಗಳು ಊರು ಬದಲಾಯಿಸುವಾಗ ನಮ್ಮ ಕಾಗದಗಳೂ ಅವುಗಳ ಜೊತೆ ಓಡಾಡಲಿ.

ಸಿಬ್ಬಂದಿ ಓದಿ ಮೆಚ್ಚಿದ ಹೊಸ ಪುಸ್ತಕಗಳನ್ನು ಬೇರೆಯಾಗಿ ಜೋಡಿಸಿಡಿ ಎಂದು ಮೇಲಿನಿಂದ ಹೇಳಿದ್ದಾರಲ್ಲ, ನಿಮ್ಮಲ್ಲಿ ಶುರುವಾಯಿತೇ? ನಾನು ಬಾಗಿಲ ಪಕ್ಕದ ಸಣ್ಣ ರ‍್ಯಾಕು ಖಾಲಿ ಮಾಡಿಸಿ ‘ಓದಿ ನೋಡಿ’ ಎಂದು ಬೋರ್ಡು ಹಾಕಿದ್ದೇನೆ. ಬಂದವರ ಹತ್ತಿರ ನಿಂತು ‘ಇದು ಚೆನ್ನಾಗಿದೆ, ತೆಗೆದುಕೊಳ್ಳಿ’ ಎಂದು ಹೇಳುವ ಧೈರ್ಯ ನನಗಿಲ್ಲ. ಅದಕ್ಕೆ ಪ್ರತಿ ಪುಸ್ತಕಕ್ಕೂ ಒಂದು ಚೀಟಿ ಬರೆದು ಮೇಲೆ ಕಾಣುವ ಹಾಗೆ ಸಿಕ್ಕಿಸುತ್ತೇನೆ. ಒಂದು ಹರಟೆಯ ಪುಸ್ತಕಕ್ಕೆ, ‘ಬಸ್ಸಿನಲ್ಲಿ ಓದಬೇಡಿ, ಪಕ್ಕದವರು ಸೀಟು ಬದಲಾಯಿಸುತ್ತಾರೆ’ ಎಂದು ಬರೆದೆ. ಒಬ್ಬ ನರ್ಸಿನ ನೆನಪುಗಳಿಗೆ, ‘ಬಾಣಂತಿ ಇರುವ ಮನೆಯವರು ಓದಿ, ಗಂಡಸರು ಮೊದಲು ಓದಿ’ ಎಂದು. ಎರಡೂ ಹೋದವು!

ನಮ್ಮ ಅಟೆಂಡರ್ ಕೆಂಪಸಿದ್ದಯ್ಯನವರು, “ಸಿಬ್ಬಂದಿ ಅಂದ್ರೆ ನಾನೂವೆಯಾ ಮೇಡಮ್ಮೋರೆ?” ಎಂದು ಕೇಳಿದರು. ಹೌದು ಎಂದೆ. ಒಳಗೆ ಹೋಗಿ ಒಂದು ಪುಸ್ತಕ ತಂದು ಮಡಗಿದರು. ಓದಿದ್ದೀರಾ ಎಂದರೆ, “ಇಲ್ಲ ಕಣಿ. ಇದು ಎಲ್ಡು ಸಲ ಕಳ್ತನ ಆಗದೆ. ಕದ್ದೋಗೋ ಪುಸ್ತಕ ಚೆಂದಾಗೇ ಇರ್ತದೆ” ಎಂದರು. ಕಳ್ಳತನದ ಭಯ ಅವರಿಗೆ ಎಷ್ಟೆಂದರೆ, ನನ್ನ ಚೀಟಿಗಳನ್ನೂ ಒಂದೊಂದಾಗಿ ತೆಗೆದುಕೊಂಡು ಹೋಗಿ ಲೈಬ್ರರಿಯ ಗುಂಡು ಸೀಲು ಒತ್ತಿ ತರುತ್ತಾರೆ. ಅಕ್ಷರಕ್ಕಿಂತ ಸೀಲೇ ದೊಡ್ಡದಾಗಿ ಕಾಣುತ್ತದೆ.

ಈ ಸಲ ಓದಿದ್ದರಲ್ಲಿ ನನ್ನನ್ನು ಬಿಡದೆ ಹಿಡಿದದ್ದು ‘ತೂಬಿನಾಚೆ’ ಎಂಬ ಹೊಸ ಕಾದಂಬರಿ. ನಾಲೆಯಲ್ಲಿ ಒಬ್ಬ ಹೆಂಗಸಿನ ಹೆಣ ಸಿಗುತ್ತದೆ. ಬಟ್ಟೆ ಒಗೆಯುವಾಗ ಜಾರಿದಳು ಎಂದು ಊರೆಲ್ಲ ಹೇಳುತ್ತದೆ. ಮುಳುಗಿಸಿದವನು ಗಂಡ. ಅವನು ಕುಡುಕನಲ್ಲ, ಕೂಗಾಡುವವನಲ್ಲ, ನಯವಾಗಿ ಮಾತಾಡುವವನು. ಅದಕ್ಕೇ ಹೆದರಿಕೆಯಾಗುತ್ತದೆ. ಚೀಟಿಗೆ ಏನು ಬರೆಯಲಿ ಎಂದು ತಲೆಯೆತ್ತಿದಾಗ ಎದುರಿನ ಪೇಪರ್ ಟೇಬಲ್ಲಿನಲ್ಲಿ ದಿನಾ ಬರುವ ಒಬ್ಬರು ಕಂಡರು. ಇಸ್ತ್ರಿ ಶರ್ಟು, ಓದಿದ ಪೇಪರನ್ನು ಮಡಿಕೆ ತಪ್ಪದಂತೆ ಮಡಿಸಿಡುವವರು. ಹೀಗೆ ಬರೆದಿದ್ದೇನೆ: ‘ಇದು ನಮ್ಮೂರಿನದೇ ಕಥೆ ಅನ್ನಿಸುತ್ತದೆ. ಕೊಂದವನು ದಿನಾ ನಮ್ಮೆದುರಿಗೆ ಕೂತು ಪೇಪರ್ ಓದುವವನೇ ಇರಬಹುದು ಅನ್ನಿಸುತ್ತದೆ.’

ಇನ್ನೂ ಪುಸ್ತಕಕ್ಕೆ ಸಿಕ್ಕಿಸಿಲ್ಲ. ನೀನು ನೋಡಿ ಹೇಳು.

ನಿನ್ನ
ಶ್ವೇತ


ಮಳವಳ್ಳಿ
೧೮ ಜೂನ್ ೨೦೨೪

ಶ್ವೇತಾ,

ನಮ್ಮಲ್ಲಿ ರ‍್ಯಾಕು ಶುರುವಾದ ದಿನವೇ ಜಗಳ. ಅಡುಗೆಯ ಹೊಸ ಪುಸ್ತಕವೊಂದಕ್ಕೆ ‘ಉಪ್ಸಾರಿನ ಖಾರ ಹೀಗೂ ಅರೆಯಬಹುದು’ ಎಂದು ಬರೆದಿದ್ದೆ. ಒಬ್ಬ ಅಜ್ಜಿ ಬಂದು, “ಯಾರ್ಲಾ ಅದು ನಮ್ಗೆ ಉಪ್ಸಾರು ಹೇಳ್ಕೊಡಾಕೆ ಬಂದೋರು?” ಎಂದು ಕೂಗಾಡಿ, ಕೊನೆಗೆ ಪುಸ್ತಕವನ್ನು ಸೊಸೆಯ ಹೆಸರಿನಲ್ಲಿ ತೆಗೆದುಕೊಂಡು ಹೋಯಿತು.

ಈಗ ನಿನ್ನ ಚೀಟಿ. ನಿನ್ನ ವಾಕ್ಯ ಚೆನ್ನಾಗಿಯೇ ಹೊರಡುತ್ತದೆ, ಬಾಗಿಲವರೆಗೆ ಹೋಗಿ ನಾಚಿಕೊಂಡು ವಾಪಸ್ ಬರುತ್ತದೆ. ಅದಕ್ಕೆ ಕಾರಣ ಆ ‘ಅನ್ನಿಸುತ್ತದೆ’. ಕಾಲೇಜಿನಲ್ಲೂ ನೀನು ಹೀಗೆಯೇ. ಎದ್ದು ನಿಂತು, ‘ಇದು ಒಳ್ಳೆಯ ಪದ್ಯ ಅನ್ನಿಸುತ್ತದೆ ಸರ್’ ಎಂದು ಕೂತುಬಿಡುತ್ತಿದ್ದೆ. ಎರಡೂ ‘ಅನ್ನಿಸುತ್ತದೆ’ ತೆಗೆದುಹಾಕು. ‘ಇರಬಹುದು’ ಕೂಡ ಬೇಡ. ಈಗ ಓದು: ‘ಇದು ನಮ್ಮೂರಿನ ಕಥೆ. ಕೊಂದವನು ದಿನಾ ನಮ್ಮೆದುರಿಗೆ ಕೂತು ಪೇಪರ್ ಓದುತ್ತಾನೆ.’ ಹೇಗೆ ಹೊಡೆಯುತ್ತದೆ ನೋಡು! ಇದನ್ನು ಓದಿದ ಮೇಲೂ ಪುಸ್ತಕ ಮುಟ್ಟದವನು ಓದುಗನೇ ಅಲ್ಲ.

ಶಾಕಿರ್ ಭಾಯಿಗೆ ಓದಿ ಹೇಳಿದೆ. “ನಿಮ್ಮ ಲೈಬ್ರರಿಗೆ ಇನ್ಮೇಲೆ ಪೊಲೀಸ್ನೋರೂ ಮೆಂಬರ್ ಆಯ್ತಾರೆ ಬುಡು” ಎಂದು ನಕ್ಕ. ಮದ್ದೂರಿಗೆ ಹೋದಾಗ ಪೇಪರ್ ಓದುವವರನ್ನೆಲ್ಲ ಒಂದು ಸಲ ನೋಡಿ ಬರುತ್ತಾನಂತೆ.

ಈ ಗಂಟಿನಲ್ಲಿ ಒಂದು ತೆಳ್ಳನೆಯ ಪ್ರವಾಸಕಥೆ ಇಟ್ಟಿದ್ದೇನೆ. ಬರೆದವರಿಗೆ ಎಲ್ಲಿ ಹೋದರೂ ಹೊಟ್ಟೆ ಕೆಡುತ್ತದೆ. ನಗುನಗುತ್ತಾ ಓದಿದೆ. ನೀನೂ ಓದು, ಧೈರ್ಯವಾಗಿ ಚೀಟಿ ಬರೆ.

ನಿನ್ನ
ನುಜ್ಹತ್


ಮದ್ದೂರು
೨೬ ಜುಲೈ ೨೦೨೪

ನುಜ್ಹತ್,

ನಿನ್ನ ಫೋನಿಗೆ ಎಷ್ಟು ಸಲ ಮಾಡಿದರೂ ನೀನು ಎತ್ತುತ್ತಿಲ್ಲ. ಎತ್ತಿದ್ದರೂ ನನ್ನಿಂದ ಮಾತು ಹೊರಡುತ್ತಿರಲಿಲ್ಲವೇನೋ. ಶಾಕಿರಣ್ಣನ ಕೈಗೆ ಏನಾಯಿತು ಎಂದು ಬೇರೆಯವರು ಬೇರೆ ಬೇರೆ ರೀತಿ ಹೇಳುವುದಕ್ಕೆ ಮುಂಚೆ, ನಾನು ಕಂಡದ್ದನ್ನು ಬರೆಯಬೇಕು. ಕಂಡದ್ದನ್ನು ಮಾತ್ರ ಬರೆಯುತ್ತೇನೆ.

ಮಂಗಳವಾರ ಬೆಳಿಗ್ಗೆ. ಪೇಪರ್ ಟೇಬಲ್ಲಿನಲ್ಲಿ ಆ ಇಸ್ತ್ರಿ ಶರ್ಟಿನವರು ಕೂತಿದ್ದರು. ಹೆಸರು ಸಂತೋಷ್ ಎಂದು ಆಮೇಲೆ ಗೊತ್ತಾಯಿತು. ಅಪ್ಪು ಎಂಬವನು ಬಂದ. ಕಬ್ಬಿನ ಟ್ರ್ಯಾಕ್ಟರು ಓಡಿಸುವವನು, ಶಿವಪುರದಾಚೆಯ ಒಂದು ಹಳ್ಳಿಯವನು, ಪತ್ತೇದಾರಿ ಪುಸ್ತಕಗಳಿಗೆ ಬರುತ್ತಿದ್ದ. ಕೆಲವು ದಿನಗಳ ಹಿಂದೆ ‘ತೂಬಿನಾಚೆ’ ತೆಗೆದುಕೊಂಡು ಹೋಗಿದ್ದ. ಕಂಕುಳಲ್ಲಿ ಗೋಣಿಯ ಸುರುಳಿ, ಕೈಯಲ್ಲಿ ನನ್ನ ಚೀಟಿ.

“ಮೇಡಂ, ಇದು ನೀವು ಬರ್ದಿದ್ದಾ?”

ಚೀಟಿಯ ಬಗ್ಗೆ ನನ್ನನ್ನು ಮಾತಾಡಿಸಿದ ಮೊದಲ ಓದುಗ ಅವನು. ನನಗೆ ಸಂಕೋಚವೂ ಆಯಿತು, ಖುಷಿಯೂ ಆಯಿತು. ಹೂಂ ಎಂದೆ.

“ನಿಜನಾ ಇದು?”

ಪುಸ್ತಕ ನಿಜವಾಗಿಯೂ ಅಷ್ಟು ಚೆನ್ನಾಗಿದೆಯಾ ಎಂದು ಕೇಳುತ್ತಿದ್ದಾನೆ ಅಂದುಕೊಂಡೆ. “ನಿಜ. ಕೊನೆವರೆಗೂ ಓದಿದ್ರೆ ಗೊತ್ತಾಗತ್ತೆ” ಎಂದೆ.

“ಓದ್ದೆ ಮೇಡಂ. ಸೀಲೂ ಬಿದ್ದದೆ.” ಅವನು ಚೀಟಿಯನ್ನು ಜೇಬಿನಲ್ಲಿಟ್ಟುಕೊಂಡು ನನಗೆ ಕೈಮುಗಿದ. “ಸರ್ಕಾರದೋರು ಒಬ್ರಾದ್ರೂ ಬರ್ದ್ರಲ್ಲ, ಸಾಕು ಬುಡಿ.” ಪುಸ್ತಕವನ್ನು ವಾಪಸ್ ಕೊಡುವ ಜಾಗದಲ್ಲಿ ನೇರವಾಗಿ ಇಟ್ಟ.

ಆಮೇಲೆ ಪೇಪರ್ ಟೇಬಲ್ಲಿಗೆ ಹೋಗಿ ಗೋಣಿ ಬಿಚ್ಚಿದ. ಒಳಗೆ ಮಚ್ಚು ಇತ್ತು. “ಭಾವ” ಎಂದು ಕರೆದ. ಸಂತೋಷ್ ಪೇಪರ್ ಇಳಿಸಿ ಮಚ್ಚನ್ನು ನೋಡಿದರು, ಅಪ್ಪುವನ್ನು ನೋಡಿದರು. ಪೇಪರನ್ನು ಮಡಿಸಿ ಟೇಬಲ್ಲಿನ ಮೇಲೆ ಇಟ್ಟರು. ಮೊದಲ ಏಟು ಕೆನ್ನೆಯಿಂದ ದವಡೆಗೆ ಬಿತ್ತು. ಕಬ್ಬು ಕಡಿಯುವಾಗ ಬರುತ್ತದಲ್ಲ, ಅದೇ ಸದ್ದು. ಹಲ್ಲೊಂದು ಪೇಪರಿನ ಮೇಲೆ ಬಂದು ಬಿತ್ತು. ಎರಡನೆಯದು ಹೆಗಲಿಗೆ. ಕುರ್ಚಿ ಸಮೇತ ಅವರು ಹಿಂದಕ್ಕೆ ಬಿದ್ದರು. ಪೇಪರ್ ಓದುತ್ತಿದ್ದವರೆಲ್ಲ ಚಪ್ಪಲಿ ಬಿಟ್ಟು ಓಡಿದರು. ನಾನು ಓಡಲಿಲ್ಲ, ಕೂಗಲೂ ಇಲ್ಲ.

ಶಾಕಿರಣ್ಣ ಆಗ ತಾನೇ ಗಂಟು ಹೊತ್ತು ಒಳಗೆ ಬಂದಿದ್ದರು. ಗಂಟು ಎಸೆದು, “ಏಯ್ ಬ್ಯಾಡ ಕಣೋ! ಬ್ಯಾಡ ಕಣೋ!” ಎನ್ನುತ್ತಾ ಮಧ್ಯೆ ಹೋಗಿ ಬಲಗೈ ಚಾಚಿದರು. ಮೂರನೆಯ ಏಟು ಆ ಅಂಗೈಗೆ ಬಿತ್ತು. ಬೆರಳುಗಳು ಚರ್ಮದಲ್ಲಿ ಜೋತಾಡುವುದನ್ನು ಅವರೇ ಎತ್ತಿ ಹಿಡಿದು ನೋಡಿಕೊಂಡರು. ಕೆಂಪಸಿದ್ದಯ್ಯನವರು ಸ್ಟೂಲಿನಿಂದ ಅಪ್ಪುವಿನ ಬೆನ್ನಿಗೆ, ತಲೆಗೆ ಹೊಡೆದರು. ಅವನು ತಿರುಗಿ ಹೊಡೆಯಲಿಲ್ಲ. ಮಚ್ಚು ಬಿಟ್ಟು ಮೆಟ್ಟಿಲ ಮೇಲೆ ಹೋಗಿ ಕೂತ. ತಲೆಯಿಂದ ರಕ್ತ ಕಣ್ಣಿಗಿಳಿಯುತ್ತಿತ್ತು. “ಪೊಲೀಸ್ಗೆ ಫೋನ್ ಮಾಡಿ ಮೇಡಂ. ಚೀಟಿ ತೋರ್ಸಿದ್ರೆ ಅವ್ರಿಗೂ ಗೊತ್ತಾಯ್ತದೆ” ಎಂದ.

ಅವನ ಅಕ್ಕ ದೀಪಿಕ ಸಂತೋಷನ ಹೆಂಡತಿ. ಹೋದ ವರ್ಷ ನಾಲೆಯಲ್ಲಿ ಹೆಣವಾಗಿ ಸಿಕ್ಕಳಂತೆ. ಬಟ್ಟೆ ಒಗೆಯುವಾಗ ಜಾರಿದಳು ಎಂದು ಬರೆದು ಮುಗಿಸಿದ್ದರಂತೆ. ನನಗೆ ಇದ್ಯಾವುದೂ ಗೊತ್ತಿರಲಿಲ್ಲ. ಆ ಹೆಸರನ್ನೇ ಕೇಳಿರಲಿಲ್ಲ.

ಶಾಕಿರಣ್ಣನನ್ನು ಮೈಸೂರಿಗೆ ಸಾಗಿಸಿದರು ಎಂದಷ್ಟೇ ತಿಳಿಯಿತು. ಬೆರಳು ಉಳಿದವೇ? ಒಂದು ಸಾಲು ಬರೆ. ಚೀಟಿ ಬರೆದದ್ದು ನಾನು. ಪೊಲೀಸರಿಗೂ ಅಷ್ಟೇ ಹೇಳಿದ್ದೇನೆ.

ಶ್ವೇತ


ಮಳವಳ್ಳಿ
೬ ಆಗಸ್ಟ್ ೨೦೨೪

ಶ್ವೇತ ಅವರಿಗೆ,

ಪುಸ್ತಕದ ಗಂಟನ್ನು ಇನ್ನು ಮುಂದೆ ಬಸ್ಸಿನಲ್ಲಿ ಕಳಿಸುವುದು. ಇಲ್ಲಿಂದಲೂ ಹಾಗೆಯೇ ಬರುತ್ತದೆ. ನಮ್ಮಣ್ಣ ಮದ್ದೂರಿಗೆ ಬರುವುದಿಲ್ಲ.

ಎರಡು ಬೆರಳು ತೆಗೆದರು. ಉಳಿದವು ಮಡಚುವುದಿಲ್ಲ.

ಇತಿ
ನುಜ್ಹತ್


ಮದ್ದೂರು
೧೦ ಸೆಪ್ಟೆಂಬರ್ ೨೦೨೪

ನುಜ್ಹತ್,

ನೀನು ಉತ್ತರ ಬರೆಯಬೇಕೆಂದು ಇದನ್ನು ಬರೆಯುತ್ತಿಲ್ಲ. ಕೇಳುವುದಕ್ಕೆ ನನಗೆ ಬೇರೆ ಯಾರೂ ಇಲ್ಲ.

‘ಓದಿ ನೋಡಿ’ ರ‍್ಯಾಕನ್ನು ತೆಗೆಸಿದರು. ನನ್ನಿಂದ ವಿವರಣೆ ಬರೆಸಿಕೊಂಡರು. ಇನ್ಸ್‌ಪೆಕ್ಟರ್ ಚೀಟಿಯನ್ನು ಕವರಿನಲ್ಲಿಟ್ಟುಕೊಂಡು, “ನಿಮಗೆ ಹೆಂಗಮ್ಮ ಗೊತ್ತಾಯ್ತು ಅವನೇ ಅಂತ?” ಎಂದು ಕೇಳಿದರು. ಅದು ಬರವಣಿಗೆಯ ಒಂದು ರೀತಿ ಸರ್, ಕಥೆ ಹತ್ತಿರದ್ದು ಎಂದು ಹೇಳುವ ರೀತಿ ಎಂದೆ. “ರೀತಿ ಸರಿ. ಸೀಲ್ ಯಾಕ್ ಹೊಡೆದ್ರಿ?” ಎಂದರು. ಪಕ್ಕದಲ್ಲಿ ನಿಂತಿದ್ದ ಕೆಂಪಸಿದ್ದಯ್ಯನವರು, “ಕಳ್ತನ ಆಗ್ದಿರ್ಲಿ ಅಂತ ಬುದ್ಧಿ” ಎಂದು ಹೇಳಿ ಅತ್ತರು.

ಅಪ್ಪು ಮಂಡ್ಯದ ಜೈಲಿನಲ್ಲಿದ್ದಾನೆ. ಸಂತೋಷ್ ಬದುಕಿಕೊಂಡು ಮನೆಗೆ ಬಂದಿದ್ದಾನೆ. ದವಡೆಗೆ ತಂತಿ ಬಿಗಿದಿದ್ದಾರೆ, ಮಾತಿಲ್ಲ, ಬರೀ ಗಂಜಿ. ಅವನ ತಮ್ಮ ಸಿದ್ದರಾಮು ಮೂರು ಜನರನ್ನು ಕಟ್ಟಿಕೊಂಡು, ಡೈರಿಗೆ ಹಾಲು ಹಾಕಿ ಬರುತ್ತಿದ್ದ ಅಪ್ಪುವಿನ ಅಪ್ಪ ಹೊನ್ನಯ್ಯನವರನ್ನು ರಸ್ತೆಯಲ್ಲಿ ಅಡ್ಡಗಟ್ಟಿದ. ರಾಡಿನಿಂದ ಎರಡೂ ಮೊಣಕಾಲಿಗೆ ಹೊಡೆದರು. ಬಿದ್ದವರ ಬಾಯಿಗೆ ಹಾಲಿನ ಕ್ಯಾನಿನ ಮುಚ್ಚಳದಿಂದ ಗುದ್ದಿದರು. “ನಮ್ಮಣ್ಣನ್ನ ಕೊಲೆಗಾರ ಅಂತ ಸೀಲ್ ವತ್ತುಸ್ತೀಯೇನ್ಲಾ? ಪಕ್ಷದ ಹಬ್ಬ ಕಳೀಲಿ. ಆಮೇಲೆ ನಿನ್ ಕತ್ತು” ಎಂದು ಹೇಳಿ ಹೋದರು. ಎರಡೂ ಮನೆಯವರದು ಒಂದೇ ಊರು, ಎರಡು ಬೀದಿ ಅಂತರ. ಯಾರೂ ಸಾಕ್ಷಿ ಹೇಳಲಿಲ್ಲ.

ಹೋದ ವಾರ ಒಬ್ಬ ಹೆಂಗಸು ಲೈಬ್ರರಿಗೆ ಬಂದರು. ಚಪ್ಪಲಿ ಹೊರಗೆ ಬಿಟ್ಟು, ದೇವಸ್ಥಾನಕ್ಕೆ ಬಂದವರಂತೆ ಬಾಗಿಲ ಹತ್ತಿರ ನಿಂತರು.

“ನೀನೆಯೇನವ್ವ ಚೀಟಿ ಬರ್ಯೋಳು?”

ಹೌದು ಎಂದೆ.

“ಇಷ್ಟೇ ಇದ್ದೀಯಲ್ಲ! ನಾನು ಯಾರೋ ಕನ್ನಡ್ಕ ಆಕ್ಕಂಡಿರೋ ದೊಡ್ ಮನುಸ್ರು ಅಂದ್ಕಂಡಿದ್ದೆ. ನಾನು ಚಲುವಮ್ಮ. ಸಂತೋಸನ ತಾಯಿ.”

ನಾನು ಎದ್ದು ನಿಂತೆ. ಹೊಡೆಯುತ್ತಾರೆ ಎಂದುಕೊಂಡೆ. ಹೊಡೆದರೆ ಒಳ್ಳೆಯದು ಎಂದೂ ಅಂದುಕೊಂಡೆ.

“ಇನ್ನೊಂದ್ ಚೀಟಿ ಬರ್ಕೊಡು ಮಗ. ಚಲುವಮ್ಮನ ಮಗ ಯಾರ್ನೂ ಕೊಂದಿಲ್ಲ ಅಂತ. ಅದೇ ಸೀಲು ವತ್ತು. ಊರ್ ಮುಂದ್ಲ ಅಳ್ಳಿಮರಕ್ಕೆ ಅಂಟುಸ್ತೀನಿ. ಅಂಗೆ ಬರ್ಸ್ಕಂಡ್ ಬಂದ್ರೆ ಮಚ್ಚು ಮಡುಗ್ತೀನಿ ಅಂತ ಸಿದ್ದರಾಮು ನನ್ ತಲೆ ಮುಟ್ಟಿ ಆಣೆ ಇಟ್ಟವ್ನೆ. ಬರೀದಿದ್ರೆ ಹೊನ್ನಯ್ಯನ್ನ ಕಡ್ದಾಕ್ತನೆ. ಒಬ್ಬ ಮಗಂಗೆ ಬಾಯಿಲ್ಲ. ಇನ್ನೊಬ್ಬ ಜೈಲಿಗೋದ್ರೆ ನಾನ್ ಯಾರ್ ಮಕ ನೋಡ್ಕಂಡ್ ಇರ್ಲಿ?”

ಯೋಚಿಸುತ್ತೇನೆ ಎಂದೆ. ಪಿತೃಪಕ್ಷದ ಹಬ್ಬದ ಹಿಂದಿನ ದಿನ ಬರುತ್ತೇನೆ ಎಂದು ಹೇಳಿ ಹೋದರು.

ಈ ಮಾತು ಹೇಗೋ ಹೊನ್ನಯ್ಯನವರ ಕಿವಿಗೂ ಬಿತ್ತು. ಮೊನ್ನೆ ಆಟೋದಲ್ಲಿ ಬಂದರು. ಇಳಿಯುವುದಕ್ಕೆ ಆಗುವುದಿಲ್ಲ, ನಾನೇ ಬೀದಿಗೆ ಹೋದೆ. ಮುಂದಿನ ಹಲ್ಲುಗಳಿಲ್ಲ. “ಬರ್ದಿರೋದ್ನ ಅಳಿಸ್ಬ್ಯಾಡ ಕಣವ್ವ” ಎಂದರು. “ನನ್ ಮಗ್ಳಿಗೆ ಈಜು ಬತ್ತಿತ್ತು. ಅದೇ ನಾಲೇಲಿ ನಾನೇ ಕಲ್ಸಿದ್ದೆ. ಸ್ಟೇಸನ್ನಲ್ಲಿ ಯೋಳ್ದೆ, ಆಸ್ಪತ್ರೇಲಿ ಯೋಳ್ದೆ, ‘ಈಜು ಬರೋರೂ ಮುಳುಗ್ತಾರೆ ಓಗಯ್ಯ’ ಅಂದ್ರು. ನೀನೊಬ್ಳೇ ಬರ್ದೋಳು. ಈಗ ನೀನೂ ಸುಳ್ಳು ಅಂದ್ಬುಟ್ರೆ, ನನ್ ಮಗ ತಪ್ಪಿಲ್ದೋನ್ನ ಕಡ್ದಂಗಾಯ್ತದೆ. ನಾನು ಸಾಯದಾದ್ರೆ ಸಾಯ್ತೀನಿ. ಅಳಿಸ್ಬ್ಯಾಡ.”

ನಾನು ಬರೆದದ್ದು ಒಂದು ಕಾದಂಬರಿಯ ಬಗ್ಗೆ. ಇದನ್ನು ಅವರಿಗೆ ಹೇಳುವುದಕ್ಕೆ ಬಾಯಿ ತೆರೆದೆ. ಅವರ ಮುಖ ನೋಡಿ ಮುಚ್ಚಿಕೊಂಡೆ.

ಬರೆದುಕೊಟ್ಟರೆ ಹೊನ್ನಯ್ಯನವರ ಜೀವ ಉಳಿಯಬಹುದು. ಆದರೆ ನನಗೆ ಗೊತ್ತಿಲ್ಲದ್ದಕ್ಕೆ ಎರಡನೆಯ ಸಲ ಸೀಲು ಬೀಳುತ್ತದೆ. ಬರೆಯದಿದ್ದರೆ ಒಬ್ಬ ಮನುಷ್ಯನ ಕತ್ತು. ಏನು ಬರೆಯಲಿ ನುಜ್ಹತ್?

ಶ್ವೇತ


ಮಳವಳ್ಳಿ
೨೦ ಸೆಪ್ಟೆಂಬರ್ ೨೦೨೪

ಶ್ವೇತಾ,

ನಿನ್ನ ಕಾಗದವನ್ನು ಒಲೆಗೆ ಹಾಕಬೇಕೆಂದು ಎದ್ದೆ. ಭಾಯಿ ಎಡಗೈಯಲ್ಲಿ ಕಿತ್ತುಕೊಂಡು, “ಓದು” ಎಂದ. ಓದಿ ಹೇಳಿದೆ.

‘ಅನ್ನಿಸುತ್ತದೆ’ ತೆಗೆಸಿದವಳು ನಾನು. ನೀನು ಇಷ್ಟು ದಿನ, ಇಷ್ಟು ಪುಟ ಬರೆದೆ, ಆ ಮಾತನ್ನು ಎಲ್ಲಿಯೂ ಎತ್ತಲಿಲ್ಲ. ಪೊಲೀಸರಿಗೂ ಹೇಳಲಿಲ್ಲ. ನಿನ್ನ ಮೇಲೆ ನನಗೆ ಸಿಟ್ಟು ಬಂದದ್ದು ಅದಕ್ಕೇ. ನೀನೊಮ್ಮೆ ಬೈದಿದ್ದರೆ, ನಾನು ಅಣ್ಣನ ಎದುರಿಗೆ ಬಾಯಿಬಿಟ್ಟು ಹೇಳಿ ಮುಗಿಸುತ್ತಿದ್ದೆ. ನೀನು ಬೈಯಲಿಲ್ಲ. ದಿನಾ ಅವನಿಗೆ ಅನ್ನ ಕಲಸಿ ಕೊಡುತ್ತಾ ಬೇರೆ ಮಾತೇ ಆಡಿದೆ. ನಿನ್ನೆ ಹೇಳಿದೆ. “ಒಂದ್ ಮಾತು ತೆಗುದ್ರೆ ಇಷ್ಟಾಯ್ತದಾ? ನಮ್ ಗ್ಯಾರೇಜಲ್ಲಿ ಒಂದ್ ನಟ್ಟು ಬಿಟ್ಟೋದ್ರೂ ಗಾಡಿ ಪಲ್ಟಿ ಹೊಡೀತದೆ” ಎಂದ. ಆಮೇಲೆ ಟೀ ಲೋಟವನ್ನು ಗೋಡೆಗೆ ಎಸೆದ. ಎಡಗೈ ಅಲ್ಲವೇ, ಗುರಿ ತಪ್ಪಿ ನನ್ನ ಕಿವಿಯ ಪಕ್ಕ ಹಾದುಹೋಯಿತು. ಇಬ್ಬರೂ ಅತ್ತೆವು.

ಅವನು ನಿನಗೆ ಒಂದು ಮಾತು ತಿಳಿಸಲು ಹೇಳಿದ್ದಾನೆ. ಪೊಲೀಸರು ಕೇಳಲಿಲ್ಲ, ಅದಕ್ಕೆ ಹೇಳಿರಲಿಲ್ಲವಂತೆ. ಅವನ ಮಾತಿನಲ್ಲೇ ಬರೆಯುತ್ತೇನೆ: “ನಾನು ಬಾಗಿಲಲ್ಲೇ ಇದ್ದೆ. ಆ ಹುಡುಗ ಮಚ್ಚು ತೆಗ್ದ. ನನ್ ಮೇಲೆ ಯಾರಾದ್ರೂ ಮಚ್ಚು ಎತ್ತಿದ್ರೆ ನಾನು ಏನಂತೀನಿ? ಯಾಕ್ಲಾ, ಏನ್ಲಾ ಮಾಡ್ದೆ ನಿಂಗೆ, ಅಂತೀನಿ. ಎಂಥೋನೂ ಕೇಳ್ತಾನೆ. ಆ ಮನುಷ್ಯ ಕೇಳ್ಲಿಲ್ಲ. ಪೇಪರ್ ಮಡಿಸ್ದ. ಅವ್ನಿಗೆ ಯಾಕೆ ಅಂತ ಗೊತ್ತಿತ್ತು.”

ಇದರಿಂದ ಕೊಲೆ ಸಾಬೀತಾಗುವುದಿಲ್ಲ ಎಂದು ನನಗೂ ಗೊತ್ತು. ಆದರೆ ಸಂತೋಷ್ ನಿರಪರಾಧಿ ಎಂದು ನೀನು ಬರೆದುಕೊಟ್ಟರೆ ಭಾಯಿಯ ಬೆರಳು ಸುಳ್ಳಿಗೆ ಹೋದ ಹಾಗೆ.

ಏನು ಬರೆಯಲಿ ಎಂದು ಕೇಳಿದ್ದೀಯ. ನಿನ್ನ ವಾಕ್ಯಕ್ಕೆ ನಾನು ಮತ್ತೆ ಕೈಹಾಕುವುದಿಲ್ಲ. ನೀನು ಬರೆಯುವವಳು ಎಂದು ತಾನೇ ಎಲ್ಲರೂ ನಿನ್ನ ಹತ್ತಿರ ಬರುತ್ತಿದ್ದಾರೆ. ಬರೆಯದೆ ಬಾಯಲ್ಲಿ ಹೇಳಿ ನೋಡು.

ನುಜ್ಹತ್


ಮದ್ದೂರು
೮ ಅಕ್ಟೋಬರ್ ೨೦೨೪

ಪ್ರೀತಿಯ ನುಜ್ಹತ್,

ಚಲುವಮ್ಮ ಹೇಳಿದ ದಿನವೇ ಬಂದರು. ಊರಿನ ಮರಕ್ಕೆ ಅಂಟಿಸುವುದಕ್ಕೆ ಒಂದು ಡಬ್ಬಿಯಲ್ಲಿ ಮೈದಾ ಅಂಟು ಕಲಸಿಕೊಂಡೇ ಬಂದಿದ್ದರು. ಕೆಂಪಸಿದ್ದಯ್ಯನವರು ಎದ್ದು ಒಳಗೆ ಹೋದರು.

ನಾನು ಪೆನ್ನು ಮುಟ್ಟಲಿಲ್ಲ. ನೀನು ಹೇಳಿದ್ದನ್ನು ನೆನೆದುಕೊಂಡು, ಬಾಯಲ್ಲೇ ಹೇಳಿದೆ. “ಅಮ್ಮ, ನಿಮ್ಮ ಮಗ ಏನು ಮಾಡಿದ್ರು, ಏನು ಮಾಡಿಲ್ಲ, ನನಗೆ ಗೊತ್ತಿಲ್ಲ. ಆವತ್ತೂ ಗೊತ್ತಿರಲಿಲ್ಲ. ಆ ಚೀಟೀಲಿ ಇರೋದು ಒಂದು ಪುಸ್ತಕದ ಮಾತು. ಇದನ್ನ ನಿಮ್ಮೂರಿಗೆ ಬಂದು ಎರಡು ಮನೆ ಮುಂದೇನೂ ಹೇಳ್ತೀನಿ. ಅವರು ಕೊಂದಿಲ್ಲ ಅಂತ ಮಾತ್ರ ಬರೆಯೋಕೆ ನನ್ನಿಂದ ಆಗಲ್ಲ.”

“ನಿಂಗೊತ್ತಿಲ್ವಾ?”

“ಇಲ್ಲ. ನೀವು ಕೇಳಿದ್ರಾ ಅವರನ್ನ?”

ಅವರು ಅಂಟಿನ ಡಬ್ಬಿಗೆ ಮುಚ್ಚಳ ಹಾಕಿದರು. “ನೀನು ಬರ್ಕೊಟ್ಟಿದ್ರೆ ನಾನು ನಂಬ್ಕಂಡ್ ಇದ್ಬುಡ್ತಿದ್ದೆ ಕಣವ್ವ” ಎಂದು ಹೇಳಿ ಹೊರಟುಹೋದರು.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಹೊನ್ನಯ್ಯನವರ ಕತ್ತಿನದೇ ಯೋಚನೆ. ಪೊಲೀಸರಿಗೆ ಫೋನು ಮಾಡಿ ಸಿದ್ದರಾಮುವಿನ ಮಾತು ತಿಳಿಸಿದೆ. ನೋಡೋಣ ಎಂದರು. ಹಬ್ಬ ಕಳೆಯಿತು, ಯಾವ ಸುದ್ದಿಯೂ ಬರಲಿಲ್ಲ.

ಹಬ್ಬದ ಮಾರನೆಯ ಬೆಳಿಗ್ಗೆ ಬಾಗಿಲು ತೆಗೆಯುವಾಗ ಚಲುವಮ್ಮ ಮೆಟ್ಟಿಲ ಮೇಲೆ ಕೂತಿದ್ದರು. ಎಡಗಣ್ಣು ಪೂರ್ತಿ ಮುಚ್ಚಿಹೋಗಿತ್ತು. ತುಟಿ ಸೀಳಿತ್ತು. ಕೆನ್ನೆ ಬದನೆಕಾಯಿಯ ಬಣ್ಣಕ್ಕೆ ತಿರುಗಿತ್ತು. ರಸ್ತೆಯಾಚೆ ಬೈಕಿನ ಮೇಲೆ ಒಬ್ಬ ತಲೆತಗ್ಗಿಸಿ ಕೂತಿದ್ದ. ಅವನೇ ಸಿದ್ದರಾಮು. ಒಳಗೆ ಬರಲಿಲ್ಲ.

ಕೈಹಿಡಿದು ಕರೆತಂದು ಕೂರಿಸಿದೆ. ನೀರು ಕೊಟ್ಟೆ. ಅವರೇ ಹೇಳಿದರು.

“ಎಡೆ ಇಕ್ಕಿ ಆಗಿತ್ತು. ದೀಪಿಕಂದೂ ಒಂದ್ ಸೀರೆ ಮಡಗಿದ್ದೆ. ಅವ್ನು ಬಂದು ಕೈ ಮುಗ್ದ. ಆಗ ಕೇಳ್ಬುಟ್ಟೆ. ‘ಸಂತೋಸ, ನೀನೇ ಮುಳುಗ್ಸುದ್ಯೇನಪ್ಪ?’ ಅಂತ. ಅವ್ನಿಗೆ ಮಾತಾಡಾಕೆ ಆಗಕಿಲ್ಲ ನಿಜ. ತಲೆ ಅಲ್ಲಾಡ್ಸಿದ್ರೆ ಸಾಕಾಗಿತ್ತು. ಇಲ್ಲ ಅಂತ ಒಂದ್ಸಲ ಅಲ್ಲಾಡ್ಸಿದ್ರೆ ನಾನು ಕಾಲು ಇಡ್ಕಂಬುಡ್ತಿದ್ದೆ. ಗುದ್ದುದ. ಬಿದ್ದೆ. ಬಿದ್ ಮ್ಯಾಲೂ ಒದ್ದ. ಹೊಟ್ಟೇಗೆ ಒದ್ದ, ಅವ್ನಿದ್ದ ಹೊಟ್ಟೇಗೆ. ಎಡೆ ಎಲ್ಲ ಚೆಲ್ಲೋಯ್ತು. ಸಿದ್ದರಾಮು ಬಾಗ್ಲಲ್ಲಿ ನಿಂತ್ಕಂಡು ನೋಡ್ತಿದ್ದ, ಮಚ್ಚು ಅವ್ನ ಸೊಂಟದಲ್ಲೇ ಇತ್ತು. ಬಂದು ಅವ್ರಣ್ಣನ್ನ ಜುಟ್ಟು ಇಡ್ದು ಎಳ್ದು, ಗ್ವಾಡೆಗೆ ಜಪ್ಪುದ. ದವಡೆ ತಂತಿ ಕಿತ್ತೋಯ್ತು. ‘ನೀನು ಇಲ್ಲ ಅನ್ಲಿಲ್ಲ ಕಣ್ಲಾ, ಇಲ್ಲ ಅನ್ಲಿಲ್ಲ ಕಣ್ಲಾ’ ಅಂದ್ಕಂಡು ಜಪ್ಪುದ. ನಾನೇ ಬುಡುಸ್ದೆ. ಸಂತೋಸನೂ ನನ್ ಮಗನೆಯಲ್ವಾ.”

ಸಂತೋಷ್ ಈಗ ಮನೆಯ ಕೋಣೆಯಲ್ಲಿದ್ದಾನಂತೆ. ಹೊರಗಿನಿಂದ ಚಿಲಕ ಹಾಕಿದ್ದಾರೆ.

ಸ್ಟೇಷನ್ನಿಗೆ ಹೋಗೋಣ, ನಾನೂ ಜೊತೆಗೆ ಬರುತ್ತೇನೆ ಎಂದೆ.

“ಓಗವ. ಮದ್ಲು ಇಲ್ಲಿ ಬರ್ಕೊ. ಅಲ್ಲಿ ಅವ್ರು ಕೇಳಿದ್ದಕ್ಕೆ ಮಾತ್ರ ನಾನು ಉತ್ರ ಯೋಳ್ಬೇಕು. ಆವತ್ತು ಏನಾಯ್ತು ಅಂತ ಒಂದ್ ವರ್ಸದಿಂದ ಯಾರೂ ನನ್ನ ಕೇಳ್ಲೇ ಇಲ್ಲ. ನಾನು ಯೋಳ್ದಂಗೆ ಬರೀತೀಯಾ? ನಿನ್ ಮಾತು ಸೇರ್ಸಕಿಲ್ವಲ್ಲ?”

ಸೇರಿಸುವುದಿಲ್ಲ, ಒಂದು ಮಾತೂ ಬಿಡುವುದಿಲ್ಲ ಎಂದೆ. ಪೆನ್ನು ತೆಗೆದುಕೊಂಡೆ. ಊದಿದ ತುಟಿಯಲ್ಲಿ, ನನಗೆ ಬರೆಯುವುದಕ್ಕೆ ಸಮಯ ಕೊಟ್ಟು ಕೊಟ್ಟು ಹೇಳಿದರು:

“ದೀಪಿಕ ಸತ್ತ ದಿನ ಅವ್ಳು ಬಟ್ಟೆ ಒಗೆಯಾಕೆ ಓಗಿರ್ಲಿಲ್ಲ. ಬಟ್ಟೆ ಎಲ್ಲ ಮನೇಲೇ ಇದ್ವು. ಸಂತೋಸ ಮನೇಗೆ ಬಂದಾಗ ಅವನ್ ಅಂಗಿ ಎದೆಮಟ ನೆಂದಿತ್ತು. ಮಳೆ ಇರ್ಲಿಲ್ಲ. ನಾನು ಏನೂ ಕೇಳ್ದೆ ಅದ್ನ ಇಂಡಿ, ಹಿತ್ಲಲ್ಲಿ ಒಣಗಾಕ್ದೆ.”

ನಿನ್ನ
ಶ್ವೇತ